ತಮ್ಮನನ್ನು ಆನೆಯಡಿ ದಾಟಿಸಿದ ದಿನ

ನಾನು ಚಿಕ್ಕವನಿದ್ದಾಗ ಅಪ್ಪನಿಗೂ ನಮ್ಮ ಸೋದರಮಾವನಿಗೂ ಮಾತಿರಲಿಲ್ಲ. ನಮ್ಮ ಮನೆ ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ, ಮಾವನದು ಶಿವಮೊಗ್ಗದಲ್ಲಿ. ತಮ್ಮನಿಗೆ ಹೆಸರಿಡುವ ದಿನ ಮಾವನ ಬಸ್ಸು ತಡವಾಯಿತು. ಅಪ್ಪ ಕಾಯದೆ ತೊಟ್ಟಿಲ ಶಾಸ್ತ್ರ ಮುಗಿಸಿಬಿಟ್ಟ. ಮಾವ ಹೊಸ್ತಿಲಲ್ಲೇ ನಿಂತು ಒಳಗೆ ನೋಡಿ, ಊಟವನ್ನೂ ಮಾಡದೆ ವಾಪಸು ಹೋದ. ಅಂದಿನಿಂದ ಅಮ್ಮನನ್ನು ಅಪ್ಪ ತವರಿಗೆ ಕಳಿಸಲಿಲ್ಲ.

ಆದರೆ ತಮ್ಮನಿಗೆ ವರ್ಷ ತುಂಬಿದ ದಿನ ಮಾವನನ್ನು ಕರೆಯದೆ ಗತಿಯಿರಲಿಲ್ಲ. ನಮ್ಮಲ್ಲಿ ಕಿವಿ ಚುಚ್ಚುವಾಗ ಮಗು ಸೋದರಮಾವನ ತೊಡೆಯ ಮೇಲೇ ಕೂರಬೇಕು. ಬೆಳಿಗ್ಗೆಯೇ ಅಜ್ಜಿ ತಮ್ಮನಿಗೆ ಹರಳೆಣ್ಣೆ ತಿಕ್ಕಿ ನೀರೆರೆದಳು. ಮನೆಯಲ್ಲೆಲ್ಲ ಸಾಂಬ್ರಾಣಿಯ ಹೊಗೆ, ಒಲೆಯ ಮೇಲೆ ಹೂರಣಕ್ಕೆ ಕರಗುತ್ತಿದ್ದ ಬೆಲ್ಲದ ವಾಸನೆ. ತಮ್ಮನ ಹಣೆಗೆ ವಿಭೂತಿ, ಸೊಂಟಕ್ಕೆ ಬೆಳ್ಳಿಯ ಉಡಿದಾರ, ತಲೆಗೆ ರೇಷ್ಮೆಯ ಕುಲಾವಿ. ಅಂಗಿಯ ಹೊತ್ತಿಗೆ ಜಗಳ ಶುರುವಾಯಿತು. ಮಾವ ಒಂದು ಅಂಗಿ ತಂದಿದ್ದ, ಅಪ್ಪ ಇನ್ನೊಂದು ಹೊಲಿಸಿದ್ದ.

“ಅವನು ತಂದಿದ್ದು ಹಾಕೋದಾದ್ರೆ ನಾನು ಆರತಿಗೆ ನಿಲ್ಲಲ್ಲ ಅಂತ ಹೇಳು,” ಎಂದ ಅಪ್ಪ, ಅಮ್ಮನಿಗೆ. ಮಾವ ಕೈಗೆಟಕುವಷ್ಟು ಹತ್ತಿರದಲ್ಲೇ ನಿಂತಿದ್ದ.

“ಭಾವಂಗೆ ಹೇಳಕ್ಕ, ವರ್ಷದ ಮಗುಗೆ ಸೋದರಮಾವನ ಬಟ್ಟೆ ಅಂತ ಒಂದು ಪದ್ಧತಿ ಇದೆ. ಗೊತ್ತಿಲ್ದಿದ್ರೆ ಕಲ್ತ್ಕೊಳ್ಲಿ,” ಎಂದ ಮಾವ.

ಅಮ್ಮ ಎರಡೂ ಅಂಗಿಗಳನ್ನು ಅಜ್ಜಿಯ ಕೈಗೆ ಕೊಟ್ಟಳು. ಅಜ್ಜಿಯೇ ಮಾವನ ಅಂಗಿಯನ್ನು ಒಳಗೆ, ಅಪ್ಪನದನ್ನು ಅದರ ಮೇಲೆ ತೊಡಿಸಿದಳು. ತಮ್ಮ ಸೆಕೆಗೆ ಕೆಂಪಗಾದ. ಕಿವಿ ಚುಚ್ಚಿದಾಗ ಅವನು ಅತ್ತದ್ದು ನೋವಿಗೋ ಎರಡಂಗಿಗೋ ತಿಳಿಯಲಿಲ್ಲ. ಅಷ್ಟು ಹೊತ್ತೂ ಅಪ್ಪ ಬೀದಿಯ ಕಡೆ ಮುಖ ಮಾಡಿಕೊಂಡೇ ಇದ್ದ.

ಆಗ ಬೀದಿಯ ತುದಿಯಿಂದ ಗಂಟೆಯ ಸದ್ದು ಬಂತು. ಆ ಕಾಲದಲ್ಲಿ ದೂರದ ಯಾವುದೋ ಊರಿನ ಆನೆಯೊಂದು ಎಂದಾದರೊಮ್ಮೆ ನಮ್ಮ ಕಡೆ ಬರುತ್ತಿತ್ತು. ಮನೆ ಮನೆಯ ಮುಂದೆ ನಿಂತು ಬಾಳೆಹಣ್ಣು ತಿಂದು, ಸೊಂಡಿಲೆತ್ತಿ ಮುಂದೆ ಹೋಗುತ್ತಿತ್ತು. ಮಕ್ಕಳನ್ನು ಅದರ ಹೊಟ್ಟೆಯ ಕೆಳಗೆ ದಾಟಿಸಿದರೆ ಜನ್ಮದಲ್ಲಿ ಹೆದರಿಕೆ ಹತ್ತಿರ ಸುಳಿಯುವುದಿಲ್ಲ ಎಂದು ಹಿರಿಯರು ನಂಬಿದ್ದರು. ಒಬ್ಬರು ಈ ಬದಿಯಿಂದ ಕೊಡಬೇಕು, ಇನ್ನೊಬ್ಬರು ಆ ಬದಿಯಿಂದ ತೆಗೆದುಕೊಳ್ಳಬೇಕು. ಒಮ್ಮೆ ಹೊಟ್ಟೆಯಡಿಗೆ ನೀಡಿದ ಮಗುವನ್ನು ಬಂದ ಬದಿಗೇ ಹಿಂದಕ್ಕೆಳೆಯಬಾರದು. ಎಳೆದರೆ ಹೆದರಿಕೆಯೂ ಅದರ ಜೊತೆಗೇ ಬರುತ್ತದಂತೆ.

ವರ್ಷ ತುಂಬಿದ ದಿನವೇ ಆನೆ ಬಾಗಿಲಿಗೆ ಬಂತೆಂದು ಅಜ್ಜಿ ಹಿಗ್ಗಿದಳು. ಮಾವುತ ಅದನ್ನು ಜಗಲಿಯ ಮುಂದೆ ಅಡ್ಡಡ್ಡ ನಿಲ್ಲಿಸಿದ. ಒಣಹುಲ್ಲು, ಲದ್ದಿ, ಕಾದ ಮಣ್ಣು ಎಲ್ಲ ಸೇರಿದಂಥ ವಾಸನೆ. ಅಪ್ಪ ಬಗ್ಗಿ ತಮ್ಮನನ್ನು ಹೊಟ್ಟೆಯಡಿಗೆ ನೀಡಿದ. ಆಚೆಯಿಂದ ಎರಡು ಕೈ ಬಂದು ತಮ್ಮನ ಕಾಲು ಹಿಡಿದವು. ಮಾವನ ಕೈಗಳು.

“ಆ ಕೈಗೆ ಕೊಡಲ್ಲ ನಾನು,” ಎಂದ ಅಪ್ಪ. “ಬೇರೆ ಯಾರಾದ್ರೂ ಬರ್ಲಿ.”

“ಸೋದರಮಾವ ನಾನಿರುವಾಗ ಇನ್ಯಾರು ಬರ್ಬೇಕು ಭಾವ?”

ಹೆಚ್ಚುಕಡಿಮೆ ಒಂದು ವರ್ಷದ ಮೇಲೆ ಅವರಿಬ್ಬರು ನೇರವಾಗಿ ಆಡಿದ ಮೊದಲ ಮಾತು ಅದು, ಆನೆಯ ಹೊಟ್ಟೆಯ ಕೆಳಗೆ.

“ಬಿಡು.”

“ನೀವು ಬಿಡಿ.”

“ಹಾಗಾದ್ರೆ ವಾಪಸ್ ಎಳ್ಕೊಳ್ತೀನಿ.”

“ವಾಪಸ್ ಮಾತ್ರ ತರಬೇಡ್ವೋ ಮಾರಾಯ,” ಎಂದಳು ಜಗಲಿಯ ಮೇಲಿದ್ದ ಅಜ್ಜಿ.

“ಜಲ್ದಿ ಮಾಡ್ರಿ ಸ್ವಾಮಿ,” ಎಂದ ಮಾವುತ. “ಇದು ಕಂಬ ಅಲ್ಲ, ಆನೆ.”

ನಮ್ಮೂರಿನ ಕಾರ್ಖಾನೆಯಲ್ಲಿ ಪಾಳಿ ಬದಲಾಗುವಾಗ ಸೈರನ್ ಕೂಗುತ್ತಿತ್ತು. ದಿನವೂ ಕೇಳಿ ಕೇಳಿ ನಮಗದು ಕಿವಿಗೇ ಬೀಳುತ್ತಿರಲಿಲ್ಲ. ಮಲಗಿದ ಕೂಸು ಕೂಡ ಅದಕ್ಕೆ ಏಳುತ್ತಿರಲಿಲ್ಲ. ಪರವೂರಿನ ಆನೆಗೆ ಅದು ಹೊಸದೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕೊಡುವವರು ಕೊಟ್ಟು, ತೆಗೆದುಕೊಳ್ಳುವವರು ತೆಗೆದುಕೊಂಡಿದ್ದರೆ ಅಷ್ಟು ಹೊತ್ತಿಗೆ ತಮ್ಮ ಜಗಲಿಯ ಮೇಲೆ ಹೋಳಿಗೆ ಚೀಪುತ್ತಿರುತ್ತಿದ್ದ.

ಸೈರನ್ ಕೂಗಿತು. ಆನೆಯ ಕಿವಿಗಳು ಅಗಲವಾದವು. ಮೈಯೆಲ್ಲ ಒಮ್ಮೆ ಅದುರಿ ಕಾಲಿನ ಸರಪಳಿ ಝಣಕ್ ಎಂದಿತು. ಅಪ್ಪನೂ ಮಾವನೂ ಒಟ್ಟಿಗೇ ಹಿಂದಕ್ಕೆ ಹಾರಿದರು. ಒಟ್ಟಿಗೇ ಕೈ ಬಿಟ್ಟರು.

ತಮ್ಮ ಆ ನಾಲ್ಕು ಕಾಲುಗಳ ನಡುವೆ ಮಣ್ಣಿಗೆ ಬಿದ್ದ. ಆನೆಯ ಹಿಂಗಾಲು ಮೇಲೆದ್ದಿತು.

ಅಮ್ಮನ ಕೈಯಿಂದ ಆರತಿ ತಟ್ಟೆ ಬಿದ್ದ ಸದ್ದು ಕೇಳಿಸಿತು. ಅವಳು ಓಡಿದ್ದು ನನಗೆ ಕಾಣಲೇ ಇಲ್ಲ. ಕಂಡಾಗ ಅವಳು ಆನೆಯ ಕೆಳಗಿದ್ದಳು, ತಮ್ಮನನ್ನು ಪೂರ್ತಿ ಮುಚ್ಚಿಕೊಂಡು ಬಗ್ಗಿದ್ದಳು. ಎತ್ತಿದ ಕಾಲು ಅವಳ ಪಕ್ಕದಲ್ಲೇ ಇಳಿಯಿತು. ಸೆರಗು ಅದರಡಿ ಸಿಕ್ಕಿಕೊಂಡಿತು. ಸದ್ದೇ ಆಗಲಿಲ್ಲ. ಮುಂದೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವಾಗ, ಆನೆಯ ಪಾದದೊಳಗೆ ಕೊಬ್ಬಿನ ಮೆತ್ತೆಯಿರುವುದರಿಂದ ಅದು ಸದ್ದಿಲ್ಲದೆ ನಡೆಯುತ್ತದೆ ಎಂಬ ಸಾಲು ಬಂತು. ಆ ಪುಟದಿಂದ ಮುಂದೆ ಹೋಗಲು ನನಗಾಗಲಿಲ್ಲ. ಈಗಲೂ ಕಣ್ಣು ಮುಚ್ಚಿದರೆ ಕೆಲವು ದಿನ ಆ ಕಾಲು ಇಳಿಯುತ್ತಲೇ ಇರುತ್ತದೆ, ಅಮ್ಮನ ಕಡೆಗೆ ಒಂದು ಗೇಣು ಹೆಚ್ಚು ಸರಿದು.

ಸೈರನ್ ನಿಲ್ಲುವವರೆಗೂ ಅಮ್ಮ ಅಲ್ಲಾಡಲಿಲ್ಲ. ಮಾವುತ ಕೂಸನ್ನು ಮಲಗಿಸುವ ದನಿಯಲ್ಲಿ ಆನೆಗೆ ಏನೋ ಹೇಳುತ್ತಲೇ ಇದ್ದ. ಕೊನೆಗೆ ಕಾಲು ಎದ್ದಿತು. ಅಮ್ಮ ತಮ್ಮನನ್ನು ಅವುಚಿಕೊಂಡು ಸೊಂಡಿಲ ಪಕ್ಕದಿಂದ ಹೊರಗೆ ಬಂದಳು. ಅದು ಅಪ್ಪನ ಬದಿಯೂ ಅಲ್ಲ, ಮಾವನ ಬದಿಯೂ ಅಲ್ಲ.

“ಕೊಡು ಇಲ್ಲಿ,” ಎಂದ ಅಪ್ಪ, ಕೈ ಚಾಚಿ.

“ನಂಗ್ ಕೊಡಕ್ಕ,” ಎಂದ ಮಾವ, ಅವನೂ ಕೈ ಚಾಚಿ.

“ನಿಮ್ಮಿಬ್ರಿಗೂ ಕೊಟ್ಟು ನೋಡಿದ್ದಾಯ್ತಲ್ಲ,” ಎಂದಳು ಅಮ್ಮ.

ಜಗಲಿಯಲ್ಲಿದ್ದ ನನ್ನ ಅಕ್ಕನನ್ನೂ ನನ್ನನ್ನೂ ಅಜ್ಜಿಯನ್ನೂ ಒಳಗೆ ಕರೆದುಕೊಂಡು ಅಗುಳಿ ಹಾಕಿಬಿಟ್ಟಳು. ತಮ್ಮನ ಮೊಣಕಾಲು ತರಚಿತ್ತು, ಅಷ್ಟೇ. ಎರಡೂ ಅಂಗಿ ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಬರಿಮೈಯಲ್ಲೇ ಮಣೆಯ ಮೇಲೆ ಕೂರಿಸಿದಳು. ಅಕ್ಕ ಹೊಸ ಆರತಿ ಕಲಸಿದಳು, ಕುಂಕುಮದ ನೀರು ಮಣೆಯ ಸುತ್ತ ಚೆಲ್ಲಿತು. ಬಾಗಿಲಾಚೆ ಅವರಿಬ್ಬರ ದನಿ ಕೇಳುತ್ತಿತ್ತು.

“ಮೊದಲು ಕೈ ಬಿಟ್ಟಿದ್ದು ನೀನು.”

“ನೀವು.”

ಆಮೇಲೆ ಅವರು ರಾಜಿಯಾದರೆಂದು ನಿಮಗೆ ಹೇಳಬೇಕೆಂದು ಆಸೆ. ಆಗಲಿಲ್ಲ. ಕೊನೆಯವರೆಗೂ ಅವರ ಜಗಳ ಅದೇ ಆಗಿತ್ತು. ಆದರೆ ಮುಂದಿನ ತಿಂಗಳು ಅಮ್ಮ ತಮ್ಮನನ್ನೆತ್ತಿಕೊಂಡು ಶಿವಮೊಗ್ಗದ ಬಸ್ಸಿಗೆ ಹೊರಟಾಗ ಅಪ್ಪ ಬೇಡವೆನ್ನಲಿಲ್ಲ.

ಈಗ ಆನೆಗಳು ನಮ್ಮ ಬಾಗಿಲಿಗೆ ಬರುವುದಿಲ್ಲ. ನೀವೇ ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿ, ಅವು ಹೊಳೆಯಲ್ಲಿ ಮೀಯುವುದನ್ನು ಮೊಬೈಲಿನಲ್ಲಿ ಹಿಡಿದು ತರುತ್ತೀರಿ. ಹೋದ ವಾರ ವಿದ್ಯಾನಗರದ ಹಾಲ್‌ನಲ್ಲಿ ನಮ್ಮ ಮೊಮ್ಮಗಳು ಪುಟ್ಟಿಯ ಮೊದಲ ಹುಟ್ಟುಹಬ್ಬ ಎಷ್ಟು ಚೆನ್ನಾಗಿತ್ತು. ಬಲೂನಿನ ಕಮಾನು, ತಣ್ಣನೆಯ ಗಾಳಿ, ಗುಲಾಬಿ ಬಣ್ಣದ ಕೇಕು. ಫೋಟೊ ತೆಗೆಯುವವನು ಪುಟ್ಟಿಯ ಇಬ್ಬರು ಅಜ್ಜಂದಿರನ್ನೂ ಕರೆದ.

“ಒಬ್ರು ಭುಜ ಹಿಡ್ಕೊಳ್ಳಿ ಸರ್, ಒಬ್ರು ಕಾಲು. ಪಾಪುನ ತೂಗೋ ತರ ಒಂದು ಫೋಟೊ.”

ಪುಟ್ಟಿಯ ಇನ್ನೊಬ್ಬ ಅಜ್ಜ, ನಮ್ಮ ಬೀಗರು, ಆಗಲೇ ಕಾಲು ಹಿಡಿದಿದ್ದರು. ಭುಜ ನನ್ನ ಕೈಯಲ್ಲಿತ್ತು. ನಾನು ಮಗುವನ್ನು ಪೂರ್ತಿಯಾಗಿ ಅವರ ತೋಳಿಗೆ ಕೊಟ್ಟೆ. ಅವರ ಎರಡೂ ಕೈ ಬಿಗಿಯಾದದ್ದು ನೋಡಿಕೊಂಡು ಪಕ್ಕಕ್ಕೆ ಸರಿದೆ. ಅಜ್ಜನಿಗೆ ಬೀಗರ ಮೇಲೆ ಇನ್ನೂ ಕೋಪವೆಂದು ಕಾರಿನಲ್ಲಿ ನೀವು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಕೋಪವಿರುವುದು ನಿಜ ಮಕ್ಕಳೇ. ಮದುವೆಯ ಮನೆಯಲ್ಲಿ ಅವರು ನನಗೆ ಅಂದ ಮಾತನ್ನು ನಾನಿನ್ನೂ ಮರೆತಿಲ್ಲ.

ಅದಕ್ಕೇ ಕೊಟ್ಟುಬಿಟ್ಟೆ.