ತಕ್ಕಡಿಯಣ್ಣನ ಉಂಗುರ ಬೆರಳು

ಕಾರ್ಖಾನೆಯಲ್ಲಿ ಅವನಿಗೆ ತಕ್ಕಡಿಯಣ್ಣ ಎಂದೇ ಹೆಸರು. ತುಂಡಾದ ಬೆರಳನ್ನು ಮತ್ತೆ ಕೂಡಿಸುವಾಗ ಡಾಕ್ಟರು ದಾರದೆಳೆಯಂಥ ರಕ್ತನಾಳಗಳನ್ನು ಹೊಲಿಯುತ್ತಾರಲ್ಲ, ಆ ಹೊತ್ತಿಗೆ ರಕ್ತ ತಡೆದು ಹಿಡಿಯುವ ಪುಟ್ಟ ಕ್ಲ್ಯಾಂಪುಗಳು ಅಲ್ಲಿ ತಯಾರಾಗುತ್ತಿದ್ದವು. ಹಿಡಿತ ಸಡಿಲವಾದರೆ ರಕ್ತ ಸೋರುತ್ತದೆ. ಬಿಗಿಯಾದರೆ ನಾಳ ನಜ್ಜುಗುಜ್ಜಾಗಿ, ಕೂಡಿಸಿದ ಬೆರಳು ಕಪ್ಪಾಗುತ್ತದೆ. ಅಳೆಯಲು ಯಂತ್ರವೇನೋ ಇತ್ತು. ಆದರೆ ಕೊನೆಯ ಮಾತು ಇವನ ಎಡಗೈ ಉಂಗುರ ಬೆರಳಿನದು. ತುದಿಯ ಚರ್ಮಕ್ಕೆ ಕಚ್ಚಿಸಿ, ತಲೆಯಾಡಿಸಿದರೆ ಮಾಲು ಪಾಸು. ಮೇಸ್ತ್ರಿಗೂ ಆ ಬೆರಳಿನ ಮೇಲೇ ಭರವಸೆ; ಭರವಸೆಗೇನು, ಪುಕ್ಕಟೆ ಸಿಗುತ್ತದೆ.

ಆ ಬೆರಳಿನ ಸ್ಪರ್ಶ ಸತ್ತು ಬಹಳ ಕಾಲವಾಗಿತ್ತು. ದಿನವಿಡೀ ಕಚ್ಚಿಸಿಕೊಂಡರೆ ಇನ್ನೇನಾದೀತು! ಮೊದಲು ಜೋಮು, ಆಮೇಲೆ ಏನೂ ಇಲ್ಲ. ಹೇಳಿದರೆ ಕೂರುವ ಜಾಗವೂ ಹೋಗುತ್ತದೆ, ಹೆಸರೂ ಹೋಗುತ್ತದೆ ಎಂದು ಬಾಯಿಗೆ ಬೀಗ ಹಾಕಿಕೊಂಡ. ಕಚ್ಚಿಸುತ್ತಿದ್ದ, ತಲೆಯಾಡಿಸುತ್ತಿದ್ದ. ಕೊನೆಕೊನೆಗೆ ಭಯವೂ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಹೆಂಡತಿಯ ತೋರುಬೆರಳು ಅವಳು ದುಡಿಯುವ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ತುಂಡಾಯಿತು. ಆಸ್ಪತ್ರೆಯಲ್ಲಿ ಕೂಡಿಸಿದರು. ಬೆರಳಿಗೆ ಬಣ್ಣ ಬಂತು, ಬಿಸಿ ಬಂತು, ಸ್ಪರ್ಶ ಮಾತ್ರ ಬರಲಿಲ್ಲ.

"ನರ ಚಿಗುರೋಕೆ ಟೈಮ್ ಬೇಕು. ದಿನಾ ಮುಟ್ಟಿ ನೋಡ್ತಿರಿ," ಎಂದರು ಡಾಕ್ಟರು.

ಗಾಯ ಒಣಗಿದ ಮೇಲೆ ದಿನವೂ ಟೀ ಕುಡಿದು ಅವಳು ಕಣ್ಣು ಮುಚ್ಚಿ ಕೂರುತ್ತಿದ್ದಳು. ಇವನು ಮನೆಗೆ ತಂದಿದ್ದ ಕ್ಲ್ಯಾಂಪೊಂದನ್ನು ಅವಳ ಬೆರಳ ತುದಿಗೆ ಮೆಲ್ಲಗೆ ತಾಗಿಸುತ್ತಿದ್ದ.

"ಗೊತ್ತಾಯ್ತಾ?"

"ಇಲ್ಲ ರೀ."

"ಒಂಚೂರೂ?"

"ಇಲ್ಲಾ ಅಂದ್ರೆ ಇಲ್ಲ. ನಿಮ್ಮ ಸಮಾಧಾನಕ್ಕೆ ಸುಳ್ಳು ಹೇಳ್ಲಾ?"

ಒಂದು ದಿನ ಅವಳಿಗೆ ತಮಾಷೆ ಹೊಳೆಯಿತು. ಕ್ಲ್ಯಾಂಪು ಕಿತ್ತುಕೊಂಡು, "ದಿನಾ ನಂಗೇ ಪರೀಕ್ಷೆನಾ? ಈಗ ನೀವು ಕಣ್ಣು ಮುಚ್ಚಿ. ಅಷ್ಟು ದೊಡ್ಡ ತಕ್ಕಡಿ, ನಾನೂ ನೋಡ್ತೀನಿ!" ಎಂದಳು.

ಅವನು ಕಣ್ಣು ಮುಚ್ಚಿ ಎಡಗೈ ಚಾಚಿದ.

"ಗೊತ್ತಾಯ್ತಾ?"

"ಹೂಂ, ಗೊತ್ತಾಯ್ತು."

ಅವಳು ನಗಲಿಲ್ಲ. ಅವನು ಕಣ್ಣು ಬಿಟ್ಟ. ಕ್ಲ್ಯಾಂಪು ಅವಳ ಅಂಗೈಯಲ್ಲೇ ಇತ್ತು.

"ನಾನಿನ್ನೂ ಹಾಕೇ ಇಲ್ವಲ್ರೀ."

ಅವನು ಕೈ ಹಿಂದಕ್ಕೆಳೆದುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ, ಕ್ಲ್ಯಾಂಪನ್ನು ಈಗ ನಿಜಕ್ಕೂ ಆ ಬೆರಳಿಗೆ ಕಚ್ಚಿಸಿದಳು. ಅವನ ಮುಖದಲ್ಲಿ ಏನೂ ಕದಲಲಿಲ್ಲ.

"ನೀವು ಪಾಸು ಮಾಡಿದ ಕ್ಲ್ಯಾಂಪುಗಳು ಯಾರ್ಯಾರ ಬೆರಳಿಗೆ ಹೋಗಿವೆ?" ಎಂದು ಕೇಳಿದಳು. ಅವನು ಬೆರಳಿನಿಂದ ಕ್ಲ್ಯಾಂಪು ಬಿಡಿಸಿ ಕೆಳಗಿಟ್ಟ.

"ಏಳಿ, ಶರ್ಟ್ ಹಾಕ್ಕೊಳ್ಳಿ. ಮೇಸ್ತ್ರಿ ಹತ್ರ ನಾನೂ ಬರ್ತೀನಿ."

ಗುಂಡಿ ಹಾಕಿಕೊಳ್ಳಲು ಅವನಿಗೆ ಕೈ ಬರಲಿಲ್ಲ. ಅವಳೇ ಹಾಕಿದಳು.