ಹೋಲ್ಡಾನ್ ಅಂದವಳು

ನನ್ನ ಓರಗಿತ್ತಿ ಬಸ್ ಕಂಡಕ್ಟರ್. ಮನೆಯಲ್ಲೂ ಅವಳಿಗೆ ಹೋಲ್ಡಾನ್ ಎಂದೇ ಹೆಸರು. ತುಂಬಿದ ಬಸ್ಸಿನ ಹಿಂಬಾಗಿಲಲ್ಲಿ ನಿಂತು ಅವಳೊಮ್ಮೆ "ಹೋಲ್ಡಾನ್!" ಎಂದರೆ ಡ್ರೈವರ್ ಹಾಗಿರಲಿ, ಪಕ್ಕದಲ್ಲಿ ಹೋಗುವ ಸೈಕಲ್ಲೂ ನಿಲ್ಲುತ್ತದೆ. ಅಂಥವಳ ಮಾತಿಗೆ ಮನೆಯಲ್ಲಿ ಮಾತ್ರ ಮೂರು ಕಾಸಿನ ಕಿಮ್ಮತ್ತಿಲ್ಲ.

ಬಸುರಿಯಾಗಿದ್ದಾಗ ಟಿಕೆಟ್ ಚೀಲದ ಪಟ್ಟಿ ಒತ್ತಿ ಎಡ ಎದೆ ನೋಯಿತು. ಮುಟ್ಟಿ ನೋಡಿಕೊಂಡರೆ ಗೋಲಿಯಷ್ಟು ಗಂಟು. ಹೇಳಿದರೆ ಅತ್ತೆ ಕುರ್ಚಿಯಿಂದ ಏಳಲೂ ಇಲ್ಲ.

"ಬಸುರಿ ಮೈ ಕಣೇ, ಹಾಗೇ ಇರುತ್ತೆ. ಹೆರಿಗೆ ಆಗಲಿ, ನೋಡೋಣ."

ಹೆರಿಗೆಯಾಯಿತು. ಆಗ ಹೊಸ ರಾಗ: "ಹಾಲು ಕಟ್ಟಿದೆ, ಬಿಸಿನೀರಿನ ಬಟ್ಟೆ ಇಡು." ಅವಳ ಗಂಡ, ನನ್ನ ಮೈದುನ, ತಾಳ ಹಾಕಿದ. "ಅಮ್ಮ ಐದು ಹೆತ್ತಿದ್ದಾಳೆ, ಅವಳಿಗೆ ಗೊತ್ತಿರಲ್ವಾ?" ಹೆತ್ತವರಿಗೆಲ್ಲ ಡಾಕ್ಟರಿಕೆ ಬರುವುದಾದರೆ ನಮ್ಮ ಬೀದಿಯ ಬೆಕ್ಕಿಗೆ ಒಂದು ಆಸ್ಪತ್ರೆಯನ್ನೇ ಬಿಟ್ಟುಕೊಡಬೇಕಿತ್ತು.

ಹೋಗಲಿ, ಮೂಲೆಯ ಕ್ಲಿನಿಕ್ಕಿನ ಡಾಕ್ಟರಾದರೂ ನೋಡಿದರೇ? "ಮಗು ಹಾಲು ಬಿಡಲಿ, ಆಮೇಲೆ ಸ್ಕ್ಯಾನ್ ಮಾಡಿಸೋಣ" ಎಂದು ಕಳಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲಿಯವರೆಗೆ ಕಾಯುತ್ತೇನೆಂದು ಆ ಗಂಟು ಇವರಿಗೆ ಬರೆದುಕೊಟ್ಟಿದೆಯೇ? ಕಟ್ಟಿದ ಹಾಲಾದರೆ ಕುಡಿಸಿದಾಗ ಕರಗಬೇಕು. ಇದು ಜಪ್ಪಯ್ಯ ಎಂದರೂ ಕರಗಲಿಲ್ಲ, ಬೆಳೆಯಿತು.

ಒಂದು ಬೆಳಿಗ್ಗೆ ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆಗೆ ಬಂದಳು. "ಅಕ್ಕಾ, ಎಲ್ಲರೂ ರೈಟ್ ರೈಟ್ ಅಂತಾನೇ ಇದ್ದಾರೆ. ನಂಗೆ ಭಯ ಆಗ್ತಿದೆ. ನಡಿ, ಹೋಗೋಣ."

ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುವಾಕೆ ಗಂಟನ್ನು ಮುಟ್ಟಿ ನೋಡಿದಳು. "ಮಗೂಗೆ ಹಾಲು ಕುಡಿಸಿಕೊಂಡು ಬನ್ನಿ. ಎದೆ ಖಾಲಿಯಾದ್ರೆ ಚೆನ್ನಾಗಿ ಕಾಣುತ್ತೆ."

"ಹಾಲು ಕುಡಿಸೋರಿಗೆ ಮಾಡಬಹುದಾ?" ಎಂದೆ.

"ಬಸುರೀಲೇ ಮಾಡಬಹುದಿತ್ತಲ್ಲ. ಇದ್ರಿಂದ ಮಗೂಗೆ ಏನೂ ಆಗಲ್ಲ."

ಹಾಗಾದರೆ ಇಷ್ಟು ತಿಂಗಳು ನಾವು ಕಾದದ್ದು ಯಾವ ಪುರುಷಾರ್ಥಕ್ಕೆ? ನಾನು ಹೊರಗಿನ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು.

ಸ್ಕ್ಯಾನ್ ಆದಮೇಲೆ ಸೂಜಿ ಚುಚ್ಚಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್. ಬೇರೆ ಕಡೆ ಹರಡಿಲ್ಲ, ಗುಣವಾಗುವ ಆಸೆ ಇದೆ ಎಂದರು. ಆದರೆ ಔಷಧಿ ಶುರುಮಾಡುವ ಮೊದಲು ಮಗುವಿಗೆ ಎದೆಹಾಲು ನಿಲ್ಲಿಸಬೇಕು. ಯಾವ ಹಾಲಿನ ನೆಪ ಹೇಳಿ ಎಲ್ಲರೂ ತಳ್ಳುತ್ತ ಬಂದರೋ, ಕೊನೆಗೆ ಆ ಹಾಲೂ ಉಳಿಯಲಿಲ್ಲ.

ಸುದ್ದಿ ಕೇಳಿ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅಯ್ಯೋ, ಮೊದಲೇ ಬಾಯಿಬಿಟ್ಟು ಹೇಳಬಾರದಿತ್ತೇನೇ?"

ನನ್ನ ನಾಲಿಗೆ ತುದಿಗೆ ಬಂದದ್ದು ಬರೆಯುವಂಥದ್ದಲ್ಲ. ಅಷ್ಟರಲ್ಲಿ ಹೋಲ್ಡಾನ್, ಕೊನೆಯ ಸಲ ಕುಡಿಯುತ್ತಿದ್ದ ಮಗುವಿನ ಬಾಯನ್ನು ಮೆಲ್ಲಗೆ ಬಿಡಿಸುತ್ತ ಹೇಳಿದಳು:

"ಬಸುರಿ ಇದ್ದಾಗಿಂದ ಹೋಲ್ಡಾನ್ ಅಂತಾನೇ ಇದ್ದೀನಿ ಅತ್ತೆ. ನಿಲ್ಲಿಸಿದವರು ಯಾರು?"

ಮಗು ಎದೆಗೆ ತಡಕಾಡಿ ಅಳತೊಡಗಿತು. ಬಾಟಲಿ ತರಲು ಈ ಸಲ ಅತ್ತೆಯೇ ಎದ್ದರು.