ಕೂಸಿನ ಕೌದಿಗೆ ಕಾಲರ್ ಕ್ಯಾನ್ವಾಸ್

ಗೆಳೆಯರೇ, ಇಂದು ಬೆಳಿಗ್ಗೆ ಹಗ್ಗದ ಮೇಲಿನ ಬಟ್ಟೆಗಳೆಲ್ಲ ಗಾಳಿಗೆ ಆಡುತ್ತಿದ್ದವು. ಅಕ್ಕನ ಕೂಸಿಗೆಂದು ಹೊಲಿದ ಕೌದಿ ಮಾತ್ರ ಹಲಗೆಯಂತೆ ನಿಂತಿತ್ತು. ತೀರಿಹೋದ ಅಜ್ಜಿಯ ಕೊನೆಯ ಸೀರೆಯಿಂದ ಕತ್ತರಿಸಿದ ಕುರಿಮರಿಗಳನ್ನು ಅದರ ಮೇಲೆ ಇಸ್ತ್ರಿಪೆಟ್ಟಿಗೆಯಿಂದ ಅಂಟಿಸಿದ್ದೆ. ನಡುವೆ ಇಟ್ಟು ಅಂಟಿಸುವ ಕಾಗದ ಕೊಟ್ಟಿದ್ದ ಸುರಪುರದ ಅಂಗಡಿಯವನಿಗೆ ಒಯ್ದು ತೋರಿಸಿದೆ.

"ತೆಳ್ಳನ ಅಂಟುಕಾಗದ ಕೇಳಿದ್ನಲ್ರಿ" ಎಂದೆ.

"ಅದನ್ನ ಇಲ್ಲಿ ಯಾರ್ ಒಯ್ತಾರ ತಂಗಿ? ಅಂಗಿ ಕಾಲರಿಗಿ ಹಾಕೋ ಕ್ಯಾನ್ವಾಸ್ ಕೊಟ್ಟೀನಿ. ಗಟ್ಟಿ ಕುಂತದಲ್ಲ?"

"ಕೀಳಾಕ ಬರ್ತದೇನ್ರಿ?"

"ಕಿತ್ತರ ಸೀರಿನೂ ಹರೀತದ. ಇರ್ಲಿ ಬಿಡು, ಕೂಸು ಸೆಟದು ಮಲಗ್ತದ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮುಖ ತಗ್ಗಿಸಿ ಬಂದೆ. ಅಜ್ಜಿಯದೆಂದು ಮೆತ್ತಗಿನದು ಇನ್ನೇನೂ ಉಳಿದಿಲ್ಲ.

ನಾಳೆ ತೊಟ್ಟಿಲ ಕಾರ್ಯಕ್ಕೆ ಬರಿಗೈಯಲ್ಲಿ ಹೋಗುತ್ತೇನೆ. ಅಕ್ಕ ಕೇಳಿದರೆ ಮರೆತು ಬಂದೆ ಎನ್ನುತ್ತೇನೆ. ಓದಿದ ಹುಡುಗಿ ಮರೆಗುಳಿ ಎಂದರೆ ನಮ್ಮ ಮನೆಯಲ್ಲಿ ಎಲ್ಲರೂ ನಂಬುತ್ತಾರೆ.